ನೀರು ಬಂದರೆ ಸಾಕೆ, ನೀರುಗಂಟಿ ಬೇಡವೆ?

ವಾಣಿವಿಲಾಸ ಸಾಗರ 2022ರ ಸೆಪ್ಟೆಂಬರ್‌ನಲ್ಲಿ ಕೋಡಿ ಬಿದ್ದಾಗ ಹಿರಿಯೂರು ಸೀಮೆಯಲ್ಲಿ ಹಬ್ಬದ ವಾತಾವರಣ ಮೂಡಿತ್ತು. ಅದಕ್ಕೆ ಮೊದಲು ಆ ಜಲಾಶಯ ತುಂಬಿ ಹರಿದದ್ದು 1933ರಲ್ಲಿ. ಎಂಬತ್ತೊಂಬತ್ತು ವರ್ಷಗಳ ನಂತರ ಬಂದ ಆ ಭಾಗ್ಯ 2025ರ ಜನವರಿಯಲ್ಲಿ ಮರುಕಳಿಸಿತು. ಮಳೆರಾಯನ ಕೃಪೆಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ಮೂಲಕ ಎತ್ತಿ ತಂದ ನೀರಿನ ಪಾಲೂ ಅದರಲ್ಲಿತ್ತು. ರಾಜ್ಯದ ಅತಿ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲೊಂದಾದ ಈ ನಾಡಿಗೆ ನೀರಿನ ಆಸೆ ಮೊದಲ ಬಾರಿಗೆ ನಂಬಿಕೆಯಾಗಿ ಬದಲಾಗುತ್ತಿದೆ.

ಈ ಸಂತಸದ ನಡುವೆ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳುತ್ತಿಲ್ಲ. ಭದ್ರಾ ಮೇಲ್ದಂಡೆಯು ಹಳೆಯ ಮಾದರಿಯ ನಾಲೆ ನೀರಾವರಿ ಯೋಜನೆಯಲ್ಲ. ಚಿತ್ರದುರ್ಗ, ಚಿಕ್ಕಮಗಳೂರು, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2,25,515 ಹೆಕ್ಟೇರ್ ಪ್ರದೇಶಕ್ಕೆ ಸೂಕ್ಷ್ಮ ನೀರಾವರಿ ಪದ್ಧತಿಯಲ್ಲಿ, ಎಂದರೆ ಬಹುಮಟ್ಟಿಗೆ ಹನಿ ನೀರಾವರಿಯಲ್ಲಿ ನೀರುಣಿಸುವುದು ಮತ್ತು 367 ಕೆರೆಗಳನ್ನು ತುಂಬಿಸುವುದು ಅದರ ಗುರಿ. ಇದರ ಪರಿಷ್ಕೃತ ಅಂದಾಜು ವೆಚ್ಚ 21,473 ಕೋಟಿ ರೂಪಾಯಿ. ಕೇಂದ್ರ ಸರ್ಕಾರ 2023ರ ಬಜೆಟ್‌ನಲ್ಲಿ ಘೋಷಿಸಿದ 5,300 ಕೋಟಿ ರೂಪಾಯಿ ನೆರವಿನ ಬಗ್ಗೆ ಸಾಕಷ್ಟು ಚರ್ಚೆ ನಡೆದಿದೆ. ಹಣ ಎಲ್ಲಿಂದ ಎಂಬ ಪ್ರಶ್ನೆ ಮುಖ್ಯವೇ ಸರಿ. ಆದರೆ ಈ ವ್ಯವಸ್ಥೆಯನ್ನು ಮುಂದಿನ ಮೂವತ್ತು ವರ್ಷ ನಡೆಸುವ ಕೈಗಳು ಎಲ್ಲಿಂದ ಬರುತ್ತವೆ ಎಂಬ ಪ್ರಶ್ನೆ ಅದಕ್ಕಿಂತ ಕಡಿಮೆ ಮುಖ್ಯವೇನಲ್ಲ.

ನಾಲೆಯ ನೀರನ್ನು ಗದ್ದೆಗೆ ತಿರುಗಿಸಲು ಗುದ್ದಲಿಯಿದ್ದರೆ ಸಾಕು. ಹನಿ ನೀರಾವರಿ ಹಾಗಲ್ಲ. ನೀರು ನಿಗದಿತ ಒತ್ತಡದಲ್ಲಿ ಕೊಳವೆಗಳಲ್ಲಿ ಹರಿಯಬೇಕು. ಮರಳಿನ ಶೋಧಕ, ಜಾಲರಿ ಶೋಧಕಗಳನ್ನು ಕಾಲಕಾಲಕ್ಕೆ ಹಿಮ್ಮುಖವಾಗಿ ನೀರು ಹಾಯಿಸಿ ತೊಳೆಯಬೇಕು. ಗಂಟೆಗೆ ಎರಡೋ ನಾಲ್ಕೋ ಲೀಟರ್ ನೀರು ಜಿನುಗಿಸುವ ಸಣ್ಣ ರಂಧ್ರಗಳು ಗಡಸು ನೀರಿನ ಸುಣ್ಣದಿಂದಲೋ ಪಾಚಿಯಿಂದಲೋ ಕಟ್ಟಿಕೊಳ್ಳುತ್ತವೆ. ಅವುಗಳನ್ನು ತೆರವುಗೊಳಿಸಲು ಎಷ್ಟು ಆಮ್ಲ, ಎಷ್ಟು ಕ್ಲೋರಿನ್ ಬಿಡಬೇಕೆಂಬ ಲೆಕ್ಕ ತಿಳಿದಿರಬೇಕು. ನೀರಿನೊಡನೆ ಗೊಬ್ಬರ ಕೊಡುವುದಾದರೆ ಬೆಳೆಯ ಹಂತ, ಮಣ್ಣಿನ ಗುಣ ಎರಡರ ಅರಿವೂ ಬೇಕು. ದಾಳಿಂಬೆಗೆ ಬೇಕಾದ ನೀರಿನ ಲೆಕ್ಕ ಈರುಳ್ಳಿಗೆ ಹೊಂದದು. ಪಂಪು, ಸ್ಟಾರ್ಟರ್, ವಿದ್ಯುತ್ ಫಲಕಗಳ ದುರಸ್ತಿಯಂತೂ ಇದ್ದದ್ದೇ. ಬಿ.ಇ. ಪದವೀಧರ ಹಳ್ಳಿಯಲ್ಲಿ ನಿಂತು ಈ ಕೆಲಸ ಮಾಡುವುದಿಲ್ಲ. ತರಬೇತಿಯಿಲ್ಲದ ಕೂಲಿಕಾರನಿಗೆ ಇದು ಸಾಧ್ಯವಿಲ್ಲ. ಇವರಿಬ್ಬರ ನಡುವಿನ ಮೆಟ್ಟಿಲು ನಮ್ಮ ಶಿಕ್ಷಣ ವ್ಯವಸ್ಥೆಯಲ್ಲಿ ಬಹುಕಾಲದಿಂದ ಮುರಿದು ಬಿದ್ದಿದೆ.

ಹಿರಿಯರಿಗೆ ತಿಳಿದಿದ್ದ ಲೆಕ್ಕ

ನಮ್ಮ ಹಿರಿಯರು ಈ ವಿಷಯದಲ್ಲಿ ಹೆಚ್ಚು ವಿವೇಕಿಗಳಾಗಿದ್ದರು. ಕೆರೆ ಇದ್ದಲ್ಲಿ ನೀರುಗಂಟಿಯೂ ಇದ್ದ. ತೂಬು ಎತ್ತುವುದು, ಸರದಿಯಂತೆ ನೀರು ಹಂಚುವುದು, ಏರಿಯ ಮೇಲೆ ನಿಗಾ ಇಡುವುದು ಅವನ ಹೊಣೆ. ಅದಕ್ಕೆ ಪ್ರತಿಯಾಗಿ ಇನಾಮು ಜಮೀನೋ, ಸುಗ್ಗಿಯಲ್ಲಿ ಧಾನ್ಯದ ಪಾಲೋ ಅವನಿಗೆ ಸಲ್ಲುತ್ತಿತ್ತು. ಅವನ ಸ್ಥಾನ ಹುಟ್ಟಿನಿಂದ ಬರುತ್ತಿತ್ತು, ಅವನ ವಿದ್ಯೆ ತಂದೆಯಿಂದ ಮಗನಿಗೆ ಇಳಿಯುತ್ತಿತ್ತು ಎಂಬುದು ಆ ವ್ಯವಸ್ಥೆಯ ದೋಷ, ಅದನ್ನು ವೈಭವೀಕರಿಸಬೇಕಾಗಿಲ್ಲ. ಆದರೆ ನೀರಿನ ಆಸ್ತಿಯನ್ನೂ ಅದನ್ನು ನಡೆಸುವ ಮನುಷ್ಯನನ್ನೂ ಒಟ್ಟಿಗೇ ಯೋಚಿಸಬೇಕೆಂಬ ತತ್ತ್ವ ಅಲ್ಲಿತ್ತು. ಸಾವಿರಾರು ಕೋಟಿ ರೂಪಾಯಿಗಳ ನಮ್ಮ ಯೋಜನಾ ವರದಿಗಳಲ್ಲಿ ಆ ತತ್ತ್ವ ಕಾಣೆಯಾಗಿದೆ.

ಸರ್ಕಾರಿ ಸೇವೆಯ ದಶಕಗಳಲ್ಲಿ ನನ್ನ ಮೇಜಿನ ಮೇಲೆ ಹಾದುಹೋದ ಅಂದಾಜು ಪಟ್ಟಿಗಳಲ್ಲಿ ಸಿಮೆಂಟು, ಉಕ್ಕು, ಭೂಸ್ವಾಧೀನ, ಅನಿರೀಕ್ಷಿತ ವೆಚ್ಚ ಎಲ್ಲಕ್ಕೂ ಶೀರ್ಷಿಕೆಗಳಿರುತ್ತಿದ್ದವು. ನಿರ್ವಹಣೆಗೆಂದು ಒಂದಿಷ್ಟು ಮೊತ್ತವೂ ಇರುತ್ತಿತ್ತು. ನಿರ್ವಹಿಸುವವರು ಯಾರು, ಎಷ್ಟು ಜನ, ಅವರನ್ನು ಯಾವ ಸಂಸ್ಥೆ ಯಾವ ವರ್ಷದೊಳಗೆ ತಯಾರು ಮಾಡಬೇಕು ಎಂಬುದಕ್ಕೆ ಮಾತ್ರ ಶೀರ್ಷಿಕೆ ಇರುತ್ತಿರಲಿಲ್ಲ.

ಇದರ ಫಲವೇನೆಂದು ತಿಳಿಯಲು ದೂರ ಹೋಗಬೇಕಾಗಿಲ್ಲ. ಫ್ಲೋರೈಡ್ ಪೀಡಿತ ಹಳ್ಳಿಗಳಲ್ಲಿ ಲಕ್ಷಾಂತರ ರೂಪಾಯಿ ವ್ಯಯಿಸಿ ಸ್ಥಾಪಿಸಿದ ಶುದ್ಧ ಕುಡಿಯುವ ನೀರಿನ ಘಟಕಗಳು ಒಂದು ಪೊರೆ ಬದಲಿಸುವವರಿಲ್ಲದೆ, ಒಂದು ಪಂಪು ಸರಿಪಡಿಸುವವರಿಲ್ಲದೆ ಬೀಗ ಹಾಕಿಕೊಂಡು ನಿಂತಿರುವ ದೃಶ್ಯ ರಾಜ್ಯದ ಬಯಲುಸೀಮೆಯಲ್ಲಿ ಅಪರೂಪವಲ್ಲ. ಹನಿ ನೀರಾವರಿಯಲ್ಲೇ ಇನ್ನೂ ದೊಡ್ಡ ಎಚ್ಚರಿಕೆಯಿದೆ. ಬಾಗಲಕೋಟೆ ಜಿಲ್ಲೆಯ ಹುನಗುಂದ ಸೀಮೆಯ ರಾಮಥಾಳ (ಮರೋಳ) ಯೋಜನೆಯನ್ನು 24,000 ಹೆಕ್ಟೇರ್‌ಗೆ ನೀರುಣಿಸುವ, ಏಷ್ಯಾದಲ್ಲೇ ದೊಡ್ಡದಾದ ಸಾಮುದಾಯಿಕ ಹನಿ ನೀರಾವರಿ ಯೋಜನೆಯೆಂದು 2017ರಲ್ಲಿ ಕೊಂಡಾಡಲಾಯಿತು. ಕೊಳವೆಗಳು ಹೊಲ ತಲುಪಿದವು. ಆದರೆ ಬಳಕೆ ನಿರೀಕ್ಷೆಯ ಮಟ್ಟ ಮುಟ್ಟಲಿಲ್ಲ. ಇಂಥ ಹಿನ್ನಡೆಗೆ ಒಂದೇ ಕಾರಣವಿರುವುದಿಲ್ಲ. ನೀರು ಬಿಡುವ ವೇಳೆ, ಬೆಳೆಯ ಆಯ್ಕೆ, ರೈತರ ಅಭ್ಯಾಸ ಎಲ್ಲವೂ ಸೇರಿರುತ್ತವೆ. ಆದರೂ ಗುತ್ತಿಗೆದಾರ ಕಂಪನಿಯ ನಿರ್ವಹಣಾ ಅವಧಿ ಮುಗಿದ ಮೇಲೆ ಊರಿನಲ್ಲೇ ಉಳಿಯುವ, ರೈತ ಕರೆದಾಗ ಬರುವ, ಕೆಲಸ ಬಲ್ಲ ಒಬ್ಬ ವ್ಯಕ್ತಿ ಇಲ್ಲದಿದ್ದರೆ ಯಾವ ವಿನ್ಯಾಸವೂ ಬಹುಕಾಲ ಬಾಳದು.

ಪದವಿ ಇದೆ, ಕೆಲಸ ಬಾರದು

ಇನ್ನೊಂದು ಕಡೆ ನೋಡಿ. ಇದೇ ಜಿಲ್ಲೆಯ ಕಾಲೇಜುಗಳಿಂದ ಪ್ರತಿವರ್ಷ ಹೊರಬರುವ ಕಲಾ ಮತ್ತು ವಾಣಿಜ್ಯ ಪದವೀಧರರಲ್ಲಿ ಅನೇಕರು ಸ್ಪರ್ಧಾತ್ಮಕ ಪರೀಕ್ಷೆಗಳ ಮಾರ್ಗದರ್ಶಿಗಳನ್ನು ಹಿಡಿದು ವರ್ಷಗಟ್ಟಲೆ ಕಾಯುತ್ತಾರೆ. ರಾಜ್ಯ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಆರಂಭಿಸಿದ ಯುವನಿಧಿ ಯೋಜನೆ ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಗರಿಷ್ಠ ಎರಡು ವರ್ಷ ನೀಡುವಂಥದ್ದು. ಕಷ್ಟದಲ್ಲಿರುವ ಕುಟುಂಬಕ್ಕೆ ಈ ಹಣ ಸಣ್ಣದಲ್ಲ. ಆದರೆ ಉನ್ನತ ವ್ಯಾಸಂಗಕ್ಕೆ ಸೇರಿದವರಿಗೆ, ಅಪ್ರೆಂಟಿಸ್ ಭತ್ಯೆ ಪಡೆಯುವವರಿಗೆ ಇದು ಸಿಗದು. ನಿರುದ್ಯೋಗ ಭತ್ಯೆಯ ದೃಷ್ಟಿಯಿಂದ ಈ ನಿಯಮ ಸರಿಯೇ. ಶಿಕ್ಷಣ ಯೋಜನೆಯ ದೃಷ್ಟಿಯಿಂದ ನೋಡಿದರೆ ಮಾತ್ರ ಒಂದು ವಿಪರ್ಯಾಸ ಕಾಣುತ್ತದೆ: ಎರಡು ವರ್ಷಕ್ಕೆ ಒಬ್ಬ ಪದವೀಧರನಿಗೆ 72,000 ರೂಪಾಯಿ ಕಾಯುವುದಕ್ಕಾಗಿ ಸಿಗುತ್ತದೆ, ಕಲಿಯಲು ಹೊರಟ ದಿನ ಅದು ನಿಲ್ಲುತ್ತದೆ.

ಕೇಂದ್ರದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯೇ ಉಲ್ಲೇಖಿಸಿರುವ ಅಂಕಿಅಂಶ ಗಮನಾರ್ಹ. ಹನ್ನೆರಡನೆಯ ಪಂಚವಾರ್ಷಿಕ ಯೋಜನೆಯ ಅಂದಾಜಿನಂತೆ 19ರಿಂದ 24 ವರ್ಷದ ನಮ್ಮ ದುಡಿಯುವ ಜನರಲ್ಲಿ ಔಪಚಾರಿಕ ವೃತ್ತಿಶಿಕ್ಷಣ ಪಡೆದವರು ಶೇ 5ಕ್ಕಿಂತ ಕಡಿಮೆ. ಅಮೆರಿಕದಲ್ಲಿ ಇದು ಶೇ 52, ಜರ್ಮನಿಯಲ್ಲಿ ಶೇ 75, ದಕ್ಷಿಣ ಕೊರಿಯಾದಲ್ಲಿ ಶೇ 96. ಆ ನೀತಿಯ ಇತರ ಅಂಶಗಳ ಬಗ್ಗೆ ರಾಜ್ಯಕ್ಕೆ ಭಿನ್ನಾಭಿಪ್ರಾಯ ಇದ್ದರೂ ಈ ಅಂತರವನ್ನು ಅಲ್ಲಗಳೆಯಲಾಗದು.

ಗುರಿಗಳಿಗೆ ಕೊರತೆಯಿರಲಿಲ್ಲ

ಹಾಗೆಂದು ನಾವು ಪ್ರಯತ್ನವನ್ನೇ ಮಾಡಲಿಲ್ಲ ಎನ್ನುವಂತಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ 1943ರಲ್ಲೇ ಆರಂಭವಾಯಿತು. ಇಂದಿನ ಐಟಿಐಗಳಿಗೆ ಮೂಲವಾದ ಕುಶಲಕರ್ಮಿ ತರಬೇತಿ ಯೋಜನೆ 1950ರದು. ಅಪ್ರೆಂಟಿಸ್ ಕಾಯ್ದೆ 1961ರದು. ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ 1972ರಲ್ಲಿ ಸ್ಥಾಪನೆಯಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವು ಕಾರ್ಖಾನೆಗಳು ಬಯಸುವಂಥ ತಂತ್ರಜ್ಞರನ್ನು ಇಂದಿಗೂ ರೂಪಿಸುತ್ತಿದೆ. ಕೊಠಾರಿ ಆಯೋಗ ವೃತ್ತಿಶಿಕ್ಷಣಕ್ಕೆ ಒತ್ತು ಕೊಟ್ಟಿತು. ಹೈಯರ್ ಸೆಕೆಂಡರಿ ಮಟ್ಟದ ವಿದ್ಯಾರ್ಥಿಗಳಲ್ಲಿ ಶೇ 10ರಷ್ಟು ಮಂದಿ 1990ರೊಳಗೆ, ಶೇ 25ರಷ್ಟು ಮಂದಿ 1995ರೊಳಗೆ ವೃತ್ತಿ ಕೋರ್ಸುಗಳಿಗೆ ಬರಬೇಕೆಂದು 1986ರ ಶಿಕ್ಷಣ ನೀತಿ ಹೇಳಿತು. 2009ರ ರಾಷ್ಟ್ರೀಯ ಕೌಶಲ ನೀತಿಯಂತೂ 2022ರೊಳಗೆ 50 ಕೋಟಿ ಜನರಿಗೆ ಕೌಶಲ ನೀಡುವ ಮಾತಾಡಿತು. ಗುರಿಗಳು ಬಂದವು, ಗಡುವುಗಳು ದಾಟಿದವು.

ನಮ್ಮದೇ ರಾಜ್ಯದ ಪದವಿಪೂರ್ವ ಕಾಲೇಜುಗಳಲ್ಲಿದ್ದ ಉದ್ಯೋಗಾಧಾರಿತ ಕೋರ್ಸುಗಳ, ಎಂದರೆ ಜನ ಜೆಒಸಿ ಎಂದು ಕರೆಯುತ್ತಿದ್ದ ಕೋರ್ಸುಗಳ ಕಥೆ ಹೆಚ್ಚು ಪಾಠ ಕಲಿಸುತ್ತದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಉತ್ಸಾಹದಿಂದ ಆರಂಭವಾದ ಅವು ಕಳೆದ ದಶಕದ ಆರಂಭದ ಹೊತ್ತಿಗೆ ಮುಚ್ಚಿಹೋದವು. ಪಾಠ ಹೇಳುವವರು ಬಹುತೇಕ ಅರೆಕಾಲಿಕ ಬೋಧಕರು. ಕೊನೆಗೆ 2011ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ ಅವರನ್ನು ಸರ್ಕಾರಿ ಸೇವೆಯಲ್ಲಿ ವಿಲೀನಗೊಳಿಸಬೇಕಾಯಿತು. ಕೋರ್ಸು ಮುಗಿಸಿದವರಿಗೆ ಮುಂದಿನ ಓದಿನ ದಾರಿ ಇಕ್ಕಟ್ಟಾಗಿತ್ತು. ಊರಿನ ಸುತ್ತ ಯಾವ ಕೆಲಸವಿದೆ ಎಂಬುದಕ್ಕೂ ಕಾಲೇಜಿನಲ್ಲಿ ಯಾವ ಕೋರ್ಸಿದೆ ಎಂಬುದಕ್ಕೂ ನಂಟು ಕಡಿಮೆಯಿತ್ತು. ಬುದ್ಧಿವಂತ ಮಕ್ಕಳು ವಿಜ್ಞಾನಕ್ಕೆ, ಉಳಿದವರು ವೃತ್ತಿ ಕೋರ್ಸಿಗೆ ಎಂಬ ಭಾವನೆ ಬೇರೂರಿದ ಮೇಲೆ ಆ ಕೋರ್ಸುಗಳ ಅಳಿವು ಖಚಿತವಾಯಿತು.

ಈಚೆಗೆ ರಾಜ್ಯ ಸರ್ಕಾರ 4,636 ಕೋಟಿ ರೂಪಾಯಿ ಮೊತ್ತದ ಯೋಜನೆಯಡಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ 150 ಸರ್ಕಾರಿ ಐಟಿಐಗಳನ್ನು ಮೇಲ್ದರ್ಜೆಗೇರಿಸಿರುವುದು ಸ್ವಾಗತಾರ್ಹ. ರೋಬೊಟ್, ವಿದ್ಯುತ್ ವಾಹನಗಳ ತಂತ್ರಜ್ಞಾನ ತಾಲ್ಲೂಕಿನ ಮಗುವಿಗೂ ಕಾಣುವಂತಾಯಿತು. ಆದರೆ ಅದರ ದೃಷ್ಟಿ ಕಾರ್ಖಾನೆಯತ್ತ. ಹಿರಿಯೂರಿನ ಹುಡುಗ ಅಲ್ಲಿ ಕಲಿತರೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಬಸ್ಸು ಹತ್ತಿ ಪೀಣ್ಯಕ್ಕೋ ದಾಬಸಪೇಟೆಗೋ ಹೋಗಬೇಕು. ಹೋಗುವವರು ಹೋಗಲಿ, ಊರಿನಲ್ಲೇ ಹುಟ್ಟುತ್ತಿರುವ ಕೆಲಸಕ್ಕೆ ಯಾರು?

ಎಷ್ಟು ಜನ ಬೇಕು?

ಮಾನವಶಕ್ತಿಯನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಅರ್ಥಶಾಸ್ತ್ರದಲ್ಲಿ ಅಪಖ್ಯಾತಿ ಪಡೆದ ವಿದ್ಯೆ. ಅದಕ್ಕಾಗಿಯೇ 1962ರಲ್ಲಿ ದೆಹಲಿಯಲ್ಲಿ ಅನ್ವಯಿಕ ಮಾನವಶಕ್ತಿ ಸಂಶೋಧನಾ ಸಂಸ್ಥೆಯನ್ನು ಸ್ಥಾಪಿಸಲಾಯಿತು. ಆದರೆ ಹದಿನೈದು ವರ್ಷಗಳ ನಂತರ ದೇಶಕ್ಕೆ ಎಷ್ಟು ಎಂಜಿನಿಯರ್‌ಗಳು ಬೇಕಾದಾರು ಎಂಬ ಭವಿಷ್ಯವಾಣಿಗಳನ್ನು ಮಾರುಕಟ್ಟೆ ಎಲ್ಲ ದೇಶಗಳಲ್ಲೂ ಹುಸಿ ಮಾಡಿದೆ. ಬೇಡಿಕೆ ಕಂಡೊಡನೆ ಎಲ್ಲರೂ ಅತ್ತ ನುಗ್ಗುವುದು, ಕಲಿತು ಹೊರಬರುವ ಹೊತ್ತಿಗೆ ಬೇಡಿಕೆ ಕುಸಿದಿರುವುದು ಮಾಮೂಲಿ. ಇಪ್ಪತ್ತು ವರ್ಷಗಳ ಹಿಂದೆ ನಮ್ಮಲ್ಲಿ ನಾಯಿಕೊಡೆಗಳಂತೆ ಎದ್ದ ಡಿ.ಇಡಿ. ಕಾಲೇಜುಗಳು ಬಳಿಕ ವಿದ್ಯಾರ್ಥಿಗಳಿಲ್ಲದೆ ಬಣಗುಟ್ಟಿದ್ದನ್ನು ಓದುಗರು ಮರೆತಿರಲಾರರು.

ಆದರೆ ಎಲ್ಲ ಲೆಕ್ಕವೂ ಭವಿಷ್ಯವಾಣಿಯಲ್ಲ. ಮಾರುಕಟ್ಟೆ ನಾಳೆ ಏನನ್ನು ಕೊಳ್ಳುತ್ತದೆ ಎಂಬುದು ಊಹೆ. ಸರ್ಕಾರ ಈಗಾಗಲೇ ಕಟ್ಟುತ್ತಿರುವ ಆಸ್ತಿಗೆ ನಾಳೆ ಎಂಥ ನಿರ್ವಹಣೆ ಬೇಕು ಎಂಬುದು ಗಣಿತ. ಭದ್ರಾ ಮೇಲ್ದಂಡೆಯನ್ನೇ ತೆಗೆದುಕೊಳ್ಳೋಣ. 200 ಹೆಕ್ಟೇರ್‌ಗೆ, ಎಂದರೆ ಸುಮಾರು 500 ಎಕರೆಗೆ ಒಬ್ಬ ತರಬೇತಾದ ನೀರಾವರಿ ತಂತ್ರಜ್ಞ ಎಂದು ಇಟ್ಟುಕೊಂಡರೆ ಪೂರ್ಣ ಅಚ್ಚುಕಟ್ಟಿಗೆ ಬೇಕಾದವರು ಸುಮಾರು 1,100 ಮಂದಿ. ಹತ್ತು ತಂತ್ರಜ್ಞರ ಮೇಲೊಬ್ಬ ಮೇಲ್ವಿಚಾರಕನೆಂದರೆ ಇನ್ನೊಂದು 110. ವರ್ಷಕ್ಕೆ ಹತ್ತರಲ್ಲೊಬ್ಬರು ಬೇರೆ ಕೆಲಸಕ್ಕೆ ಹೋಗುತ್ತಾರೆಂದು ಹಿಡಿದರೆ ವರ್ಷಂಪ್ರತಿ ಹೊಸದಾಗಿ ಬೇಕಾಗುವವರು ನೂರಿಪ್ಪತ್ತರ ಆಸುಪಾಸು. ಈ ಪ್ರಮಾಣಗಳು ನನ್ನ ಅಂದಾಜು, ಎಂಜಿನಿಯರ್‌ಗಳು ತಿದ್ದಲಿ. ಆದರೆ ತಿದ್ದಿದರೂ ಮುಖ್ಯ ಮಾತು ಬದಲಾಗದು. ಬೇಕಾಗಿರುವುದು ನಾಲ್ವತ್ತು ವಿದ್ಯಾರ್ಥಿಗಳ ಮೂರು ತರಗತಿಗಳು, ತಾಲ್ಲೂಕಿಗೊಂದು ಕಾಲೇಜಲ್ಲ. ಕೊರತೆಯನ್ನು ತಪ್ಪಿಸುವಷ್ಟೇ ಹೆಚ್ಚಳವನ್ನು ತಪ್ಪಿಸುವುದೂ ಯೋಜನೆಯ ಕೆಲಸ. ಜೋಗಿಮಟ್ಟಿಯ ಸುತ್ತಲಿನ ಗಾಳಿಯಂತ್ರಗಳಿಗೆ, ನೆರೆಯ ಪಾವಗಡದ ಸುಮಾರು 13,000 ಎಕರೆಯ, 2,050 ಮೆಗಾವಾಟ್ ಸೌರ ಪಾರ್ಕಿಗೆ ಇದೇ ರೀತಿಯಲ್ಲಿ ಲೆಕ್ಕ ಹಾಕಬಹುದು.

ಬಬ್ಬೂರಿನಲ್ಲಿ ಏನು ಸಾಧ್ಯ?

ಈ ಮೂರು ತರಗತಿಗಳಿಗೆ ಜಾಗ ಹುಡುಕಬೇಕಾಗಿಲ್ಲ. ಹಿರಿಯೂರಿಗೆ ಹೊಂದಿಕೊಂಡಂತಿರುವ ಬಬ್ಬೂರು ಫಾರಂನಲ್ಲಿ ವಲಯ ಕೃಷಿ ಮತ್ತು ತೋಟಗಾರಿಕೆ ಸಂಶೋಧನಾ ಕೇಂದ್ರವಿದೆ, ಕೃಷಿ ವಿಜ್ಞಾನ ಕೇಂದ್ರವಿದೆ. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದ ತೋಟಗಾರಿಕೆ ಮಹಾವಿದ್ಯಾಲಯ ಹಿರಿಯೂರಿನಲ್ಲೇ ಇದೆ. ಮಣ್ಣು ಬಲ್ಲ, ಬೆಳೆ ಬಲ್ಲ ವಿಜ್ಞಾನಿಗಳು ಅಲ್ಲಿದ್ದಾರೆ. ಪಂಪು, ಕೊಳವೆ, ವಿದ್ಯುತ್ ಕಲಿಸಬಲ್ಲ ಪಾಲಿಟೆಕ್ನಿಕ್ ಮತ್ತು ಐಟಿಐಗಳು ಜಿಲ್ಲೆಯಲ್ಲಿವೆ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ ಒಂದು ಶತಮಾನದ ನಾಲೆ ನೀರಾವರಿಯ ಅನುಭವದೊಂದಿಗೆ ಹತ್ತಿರದಲ್ಲೇ ಇದೆ. ಹೊಸ ಯೋಜನೆಯ ಕೊಳವೆಗಳು ಸುತ್ತಲಿನ ಹೊಲಗಳಿಗೆ ಬರಬೇಕಿವೆ. ಕಲಿಕೆಗೆ ಇದಕ್ಕಿಂತ ಉತ್ತಮ ಪ್ರಯೋಗಶಾಲೆ ಎಲ್ಲಿ ಸಿಕ್ಕೀತು?

ಅಡ್ಡಿಯಿರುವುದು ಆಡಳಿತದಲ್ಲಿ. ಸಂಶೋಧನಾ ಕೇಂದ್ರ ಕೃಷಿ ವಿಶ್ವವಿದ್ಯಾಲಯದ್ದು. ಐಟಿಐ ಕೌಶಲಾಭಿವೃದ್ಧಿ ಇಲಾಖೆಯದು. ಪಾಲಿಟೆಕ್ನಿಕ್ ಉನ್ನತ ಶಿಕ್ಷಣ ಇಲಾಖೆಯದು. ಭದ್ರಾ ಮೇಲ್ದಂಡೆ ಜಲಸಂಪನ್ಮೂಲ ಇಲಾಖೆಯಡಿಯ ವಿಶ್ವೇಶ್ವರಯ್ಯ ಜಲ ನಿಗಮದ್ದು. ನಾಲ್ಕು ಇಲಾಖೆಗಳ ಕಡತಗಳು ವಿಧಾನಸೌಧದ ಮೆಟ್ಟಿಲುಗಳ ಮೇಲೆ ಎದುರಾದರೂ ಪರಸ್ಪರ ಗುರುತಿಸುವುದಿಲ್ಲ. ಜಿಲ್ಲಾ ಮಟ್ಟದಲ್ಲಿ ಒಂದು ಜಂಟಿ ಸಮಿತಿ ಮಾಡಿದರೆ ಸಾಲದು. ಹಣ ಮತ್ತು ಹೊಣೆ ಎರಡೂ ಇರುವ ಇಲಾಖೆಯೊಂದು ಮುಂದಾಗಬೇಕು. ಯೋಜನೆ ಯಾರದೋ ಅವರೇ ಆ ಹೊಣೆ ಹೊರುವುದು ನ್ಯಾಯ. ಯೋಜನಾ ವೆಚ್ಚದ ಸಾವಿರದಲ್ಲೊಂದು ಪಾಲು ತೆಗೆದಿಟ್ಟರೂ 21 ಕೋಟಿ ರೂಪಾಯಿ ಆಗುತ್ತದೆ.

ಕೋರ್ಸಿನ ರೂಪವನ್ನೂ ಹೊಸದಾಗಿ ಶೋಧಿಸಬೇಕಾಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗ 2014ರಲ್ಲಿ ಜಾರಿಗೆ ತಂದ ಬಿ.ವೊಕ್. ಪದವಿ ಯೋಜನೆಯಲ್ಲಿ ಒಂದು ವರ್ಷ ಮುಗಿಸಿದವರಿಗೆ ಡಿಪ್ಲೊಮಾ, ಎರಡು ವರ್ಷಕ್ಕೆ ಉನ್ನತ ಡಿಪ್ಲೊಮಾ, ಮೂರು ವರ್ಷಕ್ಕೆ ಪದವಿ ಎಂಬ ಏರ್ಪಾಡಿದೆ. ಪಠ್ಯದ ದೊಡ್ಡ ಪಾಲು ಕೌಶಲಕ್ಕೆ, ಉಳಿದದ್ದು ಸಾಮಾನ್ಯ ಶಿಕ್ಷಣಕ್ಕೆ. ನೀರಾವರಿ ನಿರ್ವಹಣೆಯಲ್ಲಿ ಇಂಥದೊಂದು ಪದವಿಯನ್ನು ಬಬ್ಬೂರಿನಲ್ಲಿ ಕನ್ನಡ ಮಾಧ್ಯಮದಲ್ಲೇ ಆರಂಭಿಸಬಹುದು. ಜರ್ಮನಿಯಲ್ಲಿ ವೃತ್ತಿ ಕಲಿಯುವ ಯುವಕ ವಾರದ ಹೆಚ್ಚಿನ ದಿನ ಕಾರ್ಖಾನೆಯಲ್ಲಿ ಸಂಬಳ ಪಡೆಯುತ್ತಾ ದುಡಿದು, ಉಳಿದ ಒಂದೆರಡು ದಿನ ಶಾಲೆಗೆ ಹೋಗುತ್ತಾನೆ. ಇಲ್ಲಿನ ವಿದ್ಯಾರ್ಥಿಗೆ ಅಚ್ಚುಕಟ್ಟಿನ ಹೊಲವೇ ಕಾರ್ಖಾನೆಯಾಗಲಿ.

ಆದರೆ ಮೂರು ಷರತ್ತುಗಳು ಈಡೇರದಿದ್ದರೆ ಇದು ಇನ್ನೊಂದು ಜೆಒಸಿ ಆಗುವುದು ನಿಶ್ಚಿತ.

ಮೊದಲನೆಯದು ನೇಮಕಾತಿ. ಹೊಸ ಪದವಿಯೊಂದನ್ನು ಘೋಷಿಸುವುದು ಸುಲಭ. ಇಲಾಖೆಗಳ ವೃಂದ ಮತ್ತು ನೇಮಕಾತಿ ನಿಯಮಗಳಲ್ಲಿ ಅದರ ಹೆಸರು ಬರುವವರೆಗೆ ಅದಕ್ಕೆ ಬೆಲೆಯಿಲ್ಲ. ಅಧಿಸೂಚನೆಯಲ್ಲಿ ವಿದ್ಯಾರ್ಹತೆಯ ಕಾಲಮ್ಮಿನಲ್ಲಿ ಕಾಣದ ಪದವಿಗೆ ಯಾವ ತಂದೆತಾಯಿ ಮಗಳನ್ನು ಸೇರಿಸಿಯಾರು? ನೀರು ಬಳಕೆದಾರರ ಸಂಘಗಳಲ್ಲಿ, ನಿಗಮದಲ್ಲಿ, ಗ್ರಾಮ ಪಂಚಾಯಿತಿಗಳಲ್ಲಿ ಈ ಹುದ್ದೆಗಳನ್ನು ಸೃಷ್ಟಿಸಿ, ವಿದ್ಯಾರ್ಹತೆ ನಿಗದಿ ಮಾಡಿದ ಆದೇಶ ಮೊದಲ ತರಗತಿಯ ಪ್ರವೇಶಕ್ಕೆ ಮುಂಚೆಯೇ ಹೊರಬೀಳಬೇಕು.

ಎರಡನೆಯದು ಕಲಿಸುವವರು ಮತ್ತು ಕಲಿಯುವ ಸ್ಥಳ. ಅರೆಕಾಲಿಕ ಉಪನ್ಯಾಸಕರನ್ನು ನಂಬಿ ವೃತ್ತಿಶಿಕ್ಷಣ ನಡೆಯದು. ಪಂಪ್‌ಹೌಸಿನಲ್ಲಿ ಇಪ್ಪತ್ತು ವರ್ಷ ದುಡಿದ ಅನುಭವಿಗೆ ಪದವಿಯಿಲ್ಲದಿದ್ದರೂ ಕಲಿಸುವ ಅವಕಾಶ, ತಕ್ಕ ಗೌರವಧನ ಇರಬೇಕು. ನಿರ್ವಹಣಾ ಗುತ್ತಿಗೆ ಪಡೆದ ಕಂಪನಿಗಳು ಸ್ಥಳೀಯ ಅಪ್ರೆಂಟಿಸ್‌ಗಳನ್ನು ತೆಗೆದುಕೊಂಡು, ಗುತ್ತಿಗೆ ಮುಗಿಯುವ ಮುನ್ನ ಅವರಿಗೆ ಕೆಲಸ ಒಪ್ಪಿಸಿ ಹೋಗಬೇಕೆಂಬ ಕಲಮು ಟೆಂಡರಿನಲ್ಲೇ ಇರಬೇಕು. ಯುವನಿಧಿಯ ಮೊತ್ತವನ್ನು ಇಂಥ ಅಪ್ರೆಂಟಿಸ್ ಭತ್ಯೆಗೆ ಪೂರಕವಾಗಿ ಕೊಡಲು ನಿಯಮ ತಿದ್ದಿದರೆ, ಕಾಯುವುದಕ್ಕೆ ಕೊಡುವ ಹಣ ಕಲಿಯುವುದಕ್ಕೆ ಕೊಡುವ ಹಣವಾಗುತ್ತದೆ.

ಮೂರನೆಯದು ಮೇಲೇರುವ ದಾರಿ. ವೃತ್ತಿಶಿಕ್ಷಣ ಬಡವರ ಮಕ್ಕಳಿಗೆ, ಪದವಿ ಉಳ್ಳವರ ಮಕ್ಕಳಿಗೆ ಎಂಬ ವಿಭಜನೆಗೆ ಇದು ಇನ್ನೊಂದು ಹೆಸರಲ್ಲವೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಕುಲಕಸುಬಿನ ಕಟ್ಟಿನಿಂದ ಬಿಡಿಸಿಕೊಂಡು ಬಂದ ಸಮುದಾಯಗಳು ಕೈಕೆಲಸದ ಮಾತನ್ನು ಅನುಮಾನದಿಂದ ನೋಡುವುದಕ್ಕೆ ಚರಿತ್ರೆಯ ಸಮರ್ಥನೆಯಿದೆ. ಇದಕ್ಕೆ ಉತ್ತರ ಉಪದೇಶವಲ್ಲ, ಏಣಿ. ಎಂಜಿನಿಯರಿಂಗ್ ಕ್ಷೇತ್ರದಲ್ಲಿ ಐಟಿಐ ಮುಗಿಸಿದವರು ಡಿಪ್ಲೊಮಾದ ಎರಡನೆಯ ವರ್ಷಕ್ಕೆ, ಡಿಪ್ಲೊಮಾದವರು ಬಿ.ಇ.ಯ ಎರಡನೆಯ ವರ್ಷಕ್ಕೆ ಸೇರುವ ದಾರಿ ಆಗಲೇ ಇದೆ. ಕೃಷಿ, ತೋಟಗಾರಿಕೆ, ನೀರಾವರಿ ಕ್ಷೇತ್ರಗಳಲ್ಲೂ ಅಷ್ಟೇ ವಿಶಾಲವಾದ ದಾರಿ ತೆರೆಯಬೇಕು. ಇಂದು ಕೊಳವೆ ಜೋಡಿಸುವ ಹುಡುಗಿ ಮುಂದೊಂದು ದಿನ ಬಬ್ಬೂರಿನ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಲು ಕಾನೂನಿನ ತಡೆ ಇರಕೂಡದು. ಆ ಬಾಗಿಲು ತೆರೆದಿದ್ದರೆ ವೃತ್ತಿಶಿಕ್ಷಣ ಕೆಳಗಿನವರ ಪಾಲೆಂಬ ಕಳಂಕ ತಾನಾಗಿ ಕಳಚುತ್ತದೆ.

ಭದ್ರಾ ಮೇಲ್ದಂಡೆ ಇನ್ನೂ ಪೂರ್ಣಗೊಂಡಿಲ್ಲ ಎಂಬುದು ಸಾಮಾನ್ಯವಾಗಿ ದೂರಿನ ವಿಷಯ. ಈ ಒಂದು ಸಂಗತಿಯಲ್ಲಿ ಮಾತ್ರ ಅದು ಅವಕಾಶ. ಮೂರು ವರ್ಷದ ಕೋರ್ಸು ಇಂದು ಆರಂಭವಾದರೆ ಮೊದಲ ತಂಡ ಹೊರಬರಲು ಮೂರು ವರ್ಷ ಬೇಕು. ಕೊಳವೆಯಲ್ಲಿ ನೀರು ಹರಿದ ಮೇಲೆ ತಂತ್ರಜ್ಞರನ್ನು ಹುಡುಕಲು ಹೊರಟರೆ ಅದು ಬಾಯಾರಿದಾಗ ಬಾವಿ ತೋಡಿದಂತೆ. ಯಾವುದೇ ದೊಡ್ಡ ಯೋಜನೆಯ ಅಂದಾಜು ಪಟ್ಟಿಗೆ ಸಚಿವ ಸಂಪುಟ ಒಪ್ಪಿಗೆ ನೀಡುವ ಮೊದಲು, ಅದನ್ನು ನಡೆಸುವ ಜನರ ಸಂಖ್ಯೆ, ಅವರ ಶಿಕ್ಷಣ, ಅದರ ವೆಚ್ಚ ಮತ್ತು ಕಲಿಸುವ ಸಂಸ್ಥೆಯ ಹೆಸರನ್ನು ಒಳಗೊಂಡ ಒಂದು ಅಧ್ಯಾಯ ಅದರಲ್ಲಿದೆಯೇ ಎಂದು ಆರ್ಥಿಕ ಇಲಾಖೆ ಕೇಳುವಂತಾಗಲಿ. ಕೇಳಲು ಹೊಸ ಕಾಯ್ದೆ ಬೇಡ, ಒಂದು ಸುತ್ತೋಲೆ ಸಾಕು.